ನಾಳೆಯ ಮಾಲಿನ ಡಬ್ಬಿ

ಸಂಜೆ ಹೊತ್ತು. ನಿಮಗೂ ಸುಸ್ತಾಗಿರುತ್ತದೆ, ನನಗೂ ಆಗಿದೆ. ಆದ್ದರಿಂದ ಭಾಷಣ ಬೇಡ. ಕಾಲು ಚಾಚಿ ಕೂತುಕೊಳ್ಳಿ, ಒಂದು ಮನೆಯ ಸಮಾಚಾರ ಹೇಳುತ್ತೇನೆ. ಆ ಮನೆಯಲ್ಲೂ ಎಲ್ಲರಿಗೂ ಸುಸ್ತೇ. ಆದರೆ ಯಾರಿಗೆ ಯಾಕೆ ಸುಸ್ತು ಅಂತ ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೇ.

ಮನೆ ಇರುವುದು ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ಯಜಮಾನರ ಹೆಸರು ಚನ್ನಬಸವಯ್ಯ. ಸಂತೆಪೇಟೆಯಲ್ಲಿ ಅವರದೊಂದು ಚಿಕ್ಕ ಅಂಗಡಿ. ವಿಭೂತಿ, ಕರ್ಪೂರ, ಊದುಬತ್ತಿ, ದೀಪದ ಬತ್ತಿ, ಇಂಥವು. ಬೆಳಿಗ್ಗೆ ಸೈಕಲ್ ಹತ್ತಿದರೆ ರಾತ್ರಿ ಊಟದ ಹೊತ್ತಿಗೇ ಮನೆ. ಹೆಂಡತಿ ಸರ್ವಮಂಗಳಾ. ಬೆಳಿಗ್ಗೆ ನಲ್ಲಿ ನೀರು ಬರುವ ಮುಂಚೆ ಎದ್ದು ಬಿಂದಿಗೆ ಸಾಲಿಡುವ ಹೆಂಗಸು. ಮಗ ಶಿವಕಿರಣ್ ಪಿಯುಸಿ. ಮಗಳು ಶಿಲ್ಪಶ್ರೀ ತೊಂಬತ್ತೆಂಟನೇ ಇಸವಿಯಲ್ಲಿ ಬಿ.ಕಾಂ. ಮುಗಿಸಿದಳು. ಈ ಕಥೆ ಅವಳದ್ದು.

ಎದುರು ಮನೆಯಲ್ಲಿ ಪ್ರೇಮಲೀಲಾ ಅಂತ ಒಬ್ಬರಿದ್ದಾರೆ. ಮೇಟಗಳ್ಳಿ ಕಡೆ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಾರೆ. ಬೆಳಗಿನ ಪಾಳಿ, ಆಫೀಸಿನವರಿಗಿಂತ ಮೊದಲೇ ಹೊರಡುತ್ತಾರೆ. ಸಂಜೆ ಮನೆಗೆ ಬಂದವರೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಾರೆ, ಮಂಡಿ ನೋವು. ಅವರೇ ಹೇಳಿ ಶಿಲ್ಪಶ್ರೀಗೆ ಅದೇ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ಕೆಲಸ ಕೊಡಿಸಿದರು. ಆರು ತಿಂಗಳು ಪ್ರೊಬೇಷನ್. ಆಮೇಲೆ ಒಪ್ಪಿಗೆಯಾದರೆ ಕಾಯಂ. ಪಿ.ಎಫ್. ಕಳೆದು ಕೈಗೆ ಬರುವುದು ಸಾವಿರದ ಆರುನೂರು ಚಿಲ್ಲರೆ. ಸಂಬಳವೆಂದರೆ ಕಂದು ಬಣ್ಣದ ಕವರಿನಲ್ಲಿ ನೋಟು, ಮೇಲೆ ಹೆಸರು.

ಚನ್ನಬಸವಯ್ಯನವರ ಮನೆಯಲ್ಲಿ ಒಂದು ಪದ್ಧತಿ. ಸಂಬಳದ ಕವರ್ ಅಂಟು ಬಿಚ್ಚದೆ ಮನೆಗೆ ಬರಬೇಕು. ದೇವರ ಗೂಡಿನ ಮುಂದೆ ಇಡಬೇಕು. ಮನೆಯ ಹೆಂಗಸು ಅದಕ್ಕೆ ವಿಭೂತಿ ಹಚ್ಚಿ ತೆಗೆದುಕೊಳ್ಳಬೇಕು. ಚನ್ನಬಸವಯ್ಯನವರ ತಂದೆ ಮಿಲ್ಲಿನಿಂದ ಹಾಗೇ ತರುತ್ತಿದ್ದರಂತೆ. ಇವರೂ ಸ್ವಂತ ಅಂಗಡಿ ಹಾಕುವ ಮುಂಚೆ ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುವಾಗ ಹಾಗೇ ತಂದವರು. ಈಗ ಮಗಳೂ ತಂದಳು. ಅಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಕರ್ಪೂರದ ಜೊತೆ ಇದನ್ನೂ ಕಟ್ಟಿಕೊಟ್ಟರು: "ನನ್ ಮಗ್ಳು ಕವರಿನ್ ಅಂಟು ಸೈತ ಬಿಚ್ಚಲ್ಲ ಕಣ್ರೀ!"

ಮೊದಲ ತಿಂಗಳು ಮಠದ ದಾಸೋಹಕ್ಕೆ ಒಂದು ಮೂಟೆ ಅಕ್ಕಿ ಹೋಯಿತು. ಚನ್ನಬಸವಯ್ಯ ಹುಡುಗನಾಗಿದ್ದಾಗ ಉಂಡು ಓದಿದ್ದು ಆ ಮಠದ ಹಾಸ್ಟೆಲಿನಲ್ಲಿ, ಕೊಡಬೇಕಾದ್ದೇ. ಎರಡನೇ ತಿಂಗಳು ಸೋದರತ್ತೆಯರಿಗೆ ಸೀರೆ. ಮೂರನೆಯದು ಶಿವಕಿರಣನ ಫೀಸಿಗೆ. ನಾಲ್ಕನೆಯದರಲ್ಲಿ ಮಿಕ್ಸಿ ಬಂತು. ರುಬ್ಬಿ ರುಬ್ಬಿ ಸರ್ವಮಂಗಳಾ ಅವರ ಭುಜ ಬಿದ್ದುಹೋಗಿತ್ತು, ಅದೂ ಬೇಕಾದ್ದೇ. ಇದರಲ್ಲಿ ಪೋಲಾದ ಒಂದು ರೂಪಾಯಿ ತೋರಿಸಿ ನೋಡೋಣ. ನನಗಂತೂ ಕಾಣಲಿಲ್ಲ.

ಮಗಳ ಕೈಗೆ ದಿನಕ್ಕೆ ಐದು ರೂಪಾಯಿ. ಕಾಲೇಜಿಗೆ ಹೋಗುವಾಗ ಕೊಡುತ್ತಿದ್ದುದೂ ಅಷ್ಟೇ. ಆಗ ಅದರಲ್ಲಿ ಕ್ಯಾಂಟೀನಿನ ಕಾಫಿ, ಜೆರಾಕ್ಸ್ ಎಲ್ಲ ಆಗುತ್ತಿತ್ತು, ಬಸ್ಸಿಗೆ ವಿದ್ಯಾರ್ಥಿ ಪಾಸ್ ಇತ್ತು. ಕಾಲೇಜು ಮುಗಿದಾಗ ಪಾಸೂ ಮುಗಿಯಿತು. ಅಪ್ಪ ಸೈಕಲ್ಲಿನವರು, ಅಮ್ಮ ಬಸ್ಸು ಹತ್ತುವುದು ಮದುವೆ ಮುಂಜಿಗೆ. ಪಾಸಿನ ವಿಷಯ ಇಬ್ಬರಿಗೂ ಹೊಳೆಯಲೇ ಇಲ್ಲ.

ಕಾರ್ಖಾನೆಗೆ ಎರಡು ಬಸ್ಸು. ಮನೆಯಿಂದ ಸಿಟಿ ಬಸ್ ಸ್ಟ್ಯಾಂಡಿಗೆ ಒಂದು, ಅಲ್ಲಿಂದ ಮೇಟಗಳ್ಳಿಗೆ ಇನ್ನೊಂದು. ಐದು ರೂಪಾಯಿ ಎರಡನೆಯದಕ್ಕೆ ಹೋಗಿ ಬರುವಷ್ಟಕ್ಕೆ ಸರಿಹೋಗುತ್ತಿತ್ತು. ಹಾಗಾಗಿ ಮೊದಲ ಬಸ್ಸಿನ ದಾರಿಯನ್ನು ಶಿಲ್ಪಶ್ರೀ ನಡೆದಳು. ಬೆಳಿಗ್ಗೆಯೂ ನಡೆದಳು, ಸಂಜೆಯೂ ನಡೆದಳು. ಮಳೆ ಬಂದ ದಿನ ಅಗ್ರಹಾರದ ಹತ್ತಿರ ಯಾರದೋ ಅಂಗಡಿ ಸೂರಿನಡಿ ನಿಂತಳು, ಆ ದಿನ ಲೇಟು. ಬಿಸಿಲಿನ ದಿನ ಬೆವರಿ ಒದ್ದೆಯಾಗಿ ಕುರ್ಚಿಗೆ ಬಿದ್ದಳು, ಓಚರ್ ಬರೆಯುತ್ತ ತೂಕಡಿಸಿದಳು, ಜಮಾ ಆಗಬೇಕಾದದ್ದು ಖರ್ಚಿಗೆ ಹೋಯಿತು. ಮ್ಯಾನೇಜರ್ ಕರೆದು ಒಂದು ಸಲ ಮೆತ್ತಗೆ ಹೇಳಿದರು. ಇನ್ನೊಂದು ಸಲ ಮೆತ್ತಗೆ ಹೇಳಲಿಲ್ಲ.

ಆಫೀಸೆಂದರೆ ಇನ್ನೂ ಒಂದಿಷ್ಟು ಇರುತ್ತದಲ್ಲ. ಯಾರದೋ ಮದುವೆ, ಯಾರದೋ ನಿವೃತ್ತಿ, ಉಡುಗೊರೆಗೆ ತಲೆಗೆ ಹತ್ತು ರೂಪಾಯಿ. ಹಣ ಎತ್ತುವವರು ಬರುವುದು ಕಂಡರೆ ಈ ಹುಡುಗಿ ಬಾತ್‌ರೂಮ್ ಕಡೆ ಹೋಗಿ ನಿಲ್ಲುತ್ತಿದ್ದಳು. ಸಂಬಳ ತೆಗೆದುಕೊಳ್ಳುವ ಹುಡುಗಿ, ಡಿಗ್ರಿಯವಳು, ಹತ್ತು ರೂಪಾಯಿಗೆ ಅಡಗಿ ನಿಂತಳು.

ಬಾಯಿ ಬಿಟ್ಟು ಹೇಳಬಾರದಿತ್ತೇ ಅನ್ನುತ್ತೀರಿ. ಹೇಳಲು ಹೋಗಿದ್ದಳು. ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ತುಂಬ ಸುಸ್ತಾಗುತ್ತೆ," ಅಂದಳು.

ಸರ್ವಮಂಗಳಾ ರೊಟ್ಟಿ ತಟ್ಟುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಫ್ಯಾನ್ ಕೆಳ್ಗೆ ಕುರ್ಚಿ ಮೇಲೆ ಕೂತ್ಕೊಂಡ್ ಮಾಡೋ ಕೆಲ್ಸಕ್ಕೂ ಸುಸ್ತಾ? ನಿಮ್ಮಪ್ಪಾಜಿ ದಿನಾ ನಿಂತೇ ಇರ್ತಾರೆ. ನಾನ್ ಯಾವತ್ತಾದ್ರೂ ಸುಸ್ತು ಅಂದಿದ್ದೀನಾ? ಹೊಸದರಲ್ಲಿ ಹಂಗೇ ಕಣಮ್ಮ, ಅಭ್ಯಾಸ ಆಗೋಗುತ್ತೆ ಬುಡು."

ಅಷ್ಟಕ್ಕೇ ಮಾತು ನಿಂತಿತು. ದೇವರ ಮುಂದೆ ಇಟ್ಟ ಹಣವನ್ನು ವಾಪಸ್ ಕೊಡಿ ಅನ್ನಲು ಅವಳಿಗೆ ನಾಲಿಗೆ ಬರಲಿಲ್ಲ.

ದಸರಾ ಹತ್ತಿರ ಬಂತು. ಮೈಸೂರಿನಲ್ಲಿ ದಸರಾ ಹತ್ತಿರ ಬಂದರೆ ಏನಾಗುತ್ತದೆ ಹೇಳಬೇಕೇ? ವರ್ಷವಿಡೀ ನೆನಪಾಗದ ರಸ್ತೆಗಳೆಲ್ಲ ಒಟ್ಟಿಗೇ ನೆನಪಾಗುತ್ತವೆ. ಅಲ್ಲಿ ಟಾರು, ಇಲ್ಲಿ ಜಲ್ಲಿ, ಇನ್ನೊಂದು ಕಡೆ ಹಗ್ಗ ಕಟ್ಟಿ ಪೊಲೀಸು. ಶಿಲ್ಪಶ್ರೀ ಅಪ್ಪನ ಕಣ್ಣಿಗೆ ಬೀಳದಂತೆ ಅಂಗಡಿ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಹೋಗುತ್ತಿದ್ದವಳು, ಆ ದಿನ ಬೀದಿ ಅಗೆದಿದ್ದರಿಂದ ಸಂತೆಪೇಟೆಗೇ ಬಂದಳು. ತಲೆ ತಗ್ಗಿಸಿ ಜೋರಾಗಿ ನಡೆದಳು.

ಚನ್ನಬಸವಯ್ಯ ವಿಭೂತಿ ಗಟ್ಟಿಗಳನ್ನು ಜೋಡಿಸುತ್ತಿದ್ದರು. ತಲೆಯೆತ್ತಿದರು. ಮಗಳು! ಆಫೀಸಿಗೆಂದು ಹೊರಟವಳು, ಬಸ್ಸಿನಲ್ಲಿರಬೇಕಾದವಳು, ಪೇಟೆ ಬೀದಿಯಲ್ಲಿ. ಕೂಗಲು ಬಾಯಿ ತೆಗೆದರು. ಅಷ್ಟರಲ್ಲಿ ಅವಳು ಜನರ ನಡುವೆ ಹೋಗಿಬಿಟ್ಟಿದ್ದಳು. ಪಕ್ಕದ ಅಂಗಡಿ ರುದ್ರಸ್ವಾಮಿ ಸುಮ್ಮನಿರದೆ, "ನಿಮ್ಮುಡ್ಗಿನ ನಾನು ಬೆಳಿಗ್ಗೆ ಹೊತ್ತು ಒಂದೆರಡು ಸತಿ ಆ ಹಿಂದಿನ್ ಬೀದೀಲಿ ನೋಡಿದ್ದೀನಿ ಕಣ್ರೀ. ಕೆಲ್ಸಕ್ಕೆ ಹೋಗ್ತಾವ್ಳೆ ತಾನೆ?" ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಮಾತು ಚನ್ನಬಸವಯ್ಯನವರ ಎದೆಗೆ ನಾಟಿತು. ಆ ದಿನ ಅವರು ಬೇಗ ಬಾಗಿಲು ಹಾಕಿ ಮನೆಗೆ ಬಂದರು.

ಮಗಳು ಬಂದಾಗ ಅಪ್ಪ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬೆಳಿಗ್ಗೆ ಪೇಟೆ ಬೀದೀಲಿ ಏನ್ ಮಾಡ್ತಿದ್ದೆ?"

ಶಿಲ್ಪಶ್ರೀ ಕೈಚೀಲವನ್ನು ಮೊಳೆಗೆ ತಗುಲಿಹಾಕಿದಳು.

"ಕೇಳ್ತಿರೋದು ನಿನ್ನನ್ನೇ ಕಣಮ್ಮ. ಎಲ್ಲಿಗೋಗ್ತಿದ್ದೆ? ಯಾರನ್ನ ನೋಡಕ್ಕೋಗ್ತಿದ್ದೆ?"

"ಆಫೀಸಿಗೆ, ಅಪ್ಪಾಜಿ."

"ಆಫೀಸಿಗೆ ಬಸ್ಸಲ್ಲೋಗ್ತಾರೆ. ಪೇಟೆ ಸುತ್ಕೊಂಡಲ್ಲ."

ಯಾರನ್ನು ನೋಡಲು ಹೋಗುತ್ತಿದ್ದೆ ಎಂಬ ಮಾತು ಆ ಹುಡುಗಿಗೆ ಎಷ್ಟು ಚುಚ್ಚಿರಬೇಕು, ಹೆಣ್ಣುಮಕ್ಕಳಿರುವವರು ನೀವೇ ಯೋಚಿಸಿ. ಅವಳು ಅಳಲಿಲ್ಲ. ಅಳುವುದಕ್ಕೂ ಸುಸ್ತಾಗಿತ್ತು. ಗೋಡೆಗೆ ಒರಗಿ ಕೂತು, "ನಾನು ಕೆಲ್ಸ ಬಿಟ್ಬುಡ್ತೀನಿ," ಅಂದಳು.

"ಏನಂದೆ?" ಒಳಗಿನಿಂದ ಸರ್ವಮಂಗಳಾ ಬಂದರು.

ಇಂಥ ಹೊತ್ತಿಗೆ ಸರಿಯಾಗಿ ಪ್ರೇಮಲೀಲಾ ಬಾಗಿಲಲ್ಲಿ ನಿಂತಿದ್ದರು. ಮೆಟ್ಟಿಲು ಹತ್ತಿದ್ದಕ್ಕೆ ಮಂಡಿ ಹಿಡಿದುಕೊಂಡಿದ್ದರು.

"ಅಣ್ಣಾ, ಬೇಜಾರ್ ಮಾಡ್ಕೋಬೇಡಿ, ನಾನೊಂದ್ ಮಾತು ಹೇಳಕ್ಕೇ ಬಂದೆ. ಇವ್ಳದ್ದು ಲೇಟ್ ಮಾರ್ಕ್ ಜಾಸ್ತಿ ಆಗಿದೆ. ಮ್ಯಾನೇಜರು ಇವತ್ತು ನನ್ನ ಕರ್ದು, 'ನೀವೇ ಕರ್ಕೊಂಡ್ ಬಂದ ಹುಡ್ಗಿ, ನೀವೇ ಕೇಳಿ. ಹಿಂಗೇ ಆದ್ರೆ ಕಾಯಂ ಮಾಡಲ್ಲ' ಅಂದ್ರು. ಮುಂದಿನ ತಿಂಗಳು ಪ್ರೊಬೇಷನ್ ಮುಗಿಯುತ್ತೆ."

"ನೋಡಿ, ನಾನ್ ಹೇಳ್ಲಿಲ್ವಾ!" ಅಂದರು ಚನ್ನಬಸವಯ್ಯ.

ಪ್ರೇಮಲೀಲಾ ಆ ಮಾತಿಗೆ ಹೋಗಲಿಲ್ಲ. ಹುಡುಗಿಯ ಪಕ್ಕದಲ್ಲಿ ಕಷ್ಟಪಟ್ಟು ಕೂತರು.

"ಶಿಲ್ಪಾ, ನೀನು ದಿನಾ ಎಷ್ಟೊತ್ತಿನ ಬಸ್ಸು ಹತ್ತುತೀಯ?"

"ಸ್ಟ್ಯಾಂಡಿಂದ ಎಂಟ್ಮುಕ್ಕಾಲಿಂದು, ಆಂಟಿ."

"ಸ್ಟ್ಯಾಂಡಿಗೆ?"

ಶಿಲ್ಪಶ್ರೀ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನಿನ್ ಪಾಸ್ ತೋರ್ಸು ಸ್ವಲ್ಪ."

"ಪಾಸ್ ಇದೆಯಲ್ಲ ಪ್ರೇಮಕ್ಕ, ಕಾಲೇಜಿಂದು," ಅಂದರು ಸರ್ವಮಂಗಳಾ. "ಅದರಲ್ಲೇ ಓಡಾಡ್ತಾಳೆ."

ಪ್ರೇಮಲೀಲಾ ಸರ್ವಮಂಗಳಾ ಅವರ ಮುಖವನ್ನೇ ನೋಡಿದರು. "ಮಂಗಳಾ, ಅದು ಓದೋ ಮಕ್ಕಳಿಗೆ ಕೊಡೋ ಪಾಸು ಕಣಮ್ಮ. ಕಾಲೇಜು ಮುಗಿದ್ಮೇಲೆ ಯಾರ್ ಕೊಡ್ತಾರೆ? ಈಗ ತಿಂಗಳ ಪಾಸು ದುಡ್ಡು ಕೊಟ್ಟು ತಗೋಬೇಕು. ಇವ್ಳಿಗೆ ಕೈಖರ್ಚಿಗೆ ಎಷ್ಟು ಕೊಡ್ತೀರಿ?"

"ಐದ್ರೂಪಾಯಿ," ಅಂದರು ಸರ್ವಮಂಗಳಾ. ಅಂದ ಮೇಲೆ ಅವರಿಗೇ ಏನೋ ತಟ್ಟಿತು. ಮಗಳ ಕಡೆ ತಿರುಗಿದರು. "ನಡ್ಕೊಂಡ್ ಹೋಗ್ತಿದ್ಯಾ? ಸ್ಟ್ಯಾಂಡಿನ ತನಕ? ದಿನಾ?"

ಚನ್ನಬಸವಯ್ಯನವರ ಕಣ್ಣು ಬಾಗಿಲ ಹೊರಗೆ ಹೋಯಿತು. ಅಲ್ಲಿ ಮಗಳ ಚಪ್ಪಲಿ ಬಿಟ್ಟಿತ್ತು. ಒಂದರ ಬಾರು ಕಿತ್ತು ಪಿನ್ನು ಹಾಕಿತ್ತು. ಹಿಮ್ಮಡಿಯ ಕಡೆ ಸವೆದು ನೆಲ ಕಾಣುತ್ತಿತ್ತು. ಅಂಗಡಿಯಲ್ಲಿ ಒಂದು ಊದುಬತ್ತಿ ಕಟ್ಟಿನಲ್ಲಿ ಎರಡು ಕಡ್ಡಿ ಕಡಿಮೆಯಿದ್ದರೆ ಮುಟ್ಟಿಯೇ ಹೇಳುವ ಮನುಷ್ಯ, ತನ್ನ ಮನೆ ಬಾಗಿಲಲ್ಲಿದ್ದ ಆ ಚಪ್ಪಲಿಯನ್ನು ಅಂದೇ ನೋಡಿದ್ದು.

ಆದರೂ ಅಷ್ಟು ಬೇಗ ಒಪ್ಪಿಕೊಳ್ಳುವ ಜಾತಿಯಲ್ಲ ನಾವು ಹಿರಿಯರು. ಚನ್ನಬಸವಯ್ಯ, "ಕೇಳ್ಬೇಕಿತ್ತಪ್ಪ. ಕೇಳಿದ್ರೆ ಕೊಡ್ತಿರ್ಲಿಲ್ವಾ? ಆದ್ರೂ ಕವರ್ ಮನೆಗ್ ಬರೋದು ನಮ್ ಮನೆ ಪದ್ಧತಿ. ನಾನೂ ಹಂಗೇ ತಂದ್ ಕೊಟ್ಟೋನು," ಅಂದರು.

"ನೀವು ನಿಮ್ ತಾಯಿ ಕೈಗೆ ಕೊಟ್ಟು, ನಡ್ಕೊಂಡ್ ಹೋಗೋ ದೂರದಲ್ಲಿ ಕೆಲ್ಸ ಮಾಡಿ, ಮಧ್ಯಾಹ್ನ ಮನೆಗ್ ಬಂದು ಉಣ್ತಿದ್ರಿ," ಅಂದರು ಪ್ರೇಮಲೀಲಾ. "ಅದಿರ್ಲಿ ಅಣ್ಣಾ, ನಾನೊಂದು ಕೇಳ್ತೀನಿ. ಇವತ್ತು ಅಂಗಡೀಲಿ ವ್ಯಾಪಾರ ಆದದ್ದನ್ನೆಲ್ಲ ಮನೆಗ್ ತಂದ್ರಾ?"

"ಅದೆಂಗ್ ತರಕ್ಕಾಗುತ್ತೆ? ನಾಳೆ ಮಾಲು ತರಬೇಡ್ವಾ?"

ಸರ್ವಮಂಗಳಾ ಥಟ್ಟನೆ ಬಾಯಿ ಹಾಕಿದರು. "ಮಾಲಿನ ಡಬ್ಬಿ ಅಂತ ಒಂದ್ ಇಟ್ಕೊಂಡವ್ರೆ ಪ್ರೇಮಕ್ಕ. ಕರ್ಪೂರದ ತಗಡಿನ ಡಬ್ಬಿ. ಸಂಜೆ ಆಯ್ತು ಅಂದ್ರೆ ಮೊದ್ಲು ಅದಕ್ಕೆ ಹಾಕದು, ಮಿಕ್ಕಿದ್ದು ಮನೆಗೆ. ನನ್ ತಮ್ಮನ ಮದ್ವೆಗೆ ಅಂತ ಕೇಳಿದ್ರೂ ಅದ್ರಿಂದ ಒಂದ್ ಕಾಸು ತೆಗೀಲಿಲ್ಲ. ಮಾಲಿನ ದುಡ್ಡು ತಿಂದ್ರೆ ಅಂಗಡೀನೇ ತಿಂದಂಗೆ ಅಂತ ನಂಗೆ ಬೈದ್ರು!"

"ಸರಿಯಾಗೇ ಬೈದ್ರು," ಅಂದರು ಪ್ರೇಮಲೀಲಾ. "ಅಣ್ಣಾ, ಈ ಹುಡ್ಗಿಗೆ ನಾಳೆ ಮಾಲು ಯಾವುದು? ಬಸ್ ಪಾಸು. ಮಧ್ಯಾಹ್ನದ ಊಟ. ಕಾಲಿಗೆ ಚಪ್ಪಲಿ. ಇವು ಇದ್ರೆ ನಾಳೆ ಕೆಲ್ಸಕ್ಕೋಗ್ತಾಳೆ, ತಿಂಗ್ಳಾದ್ಮೇಲೆ ಸಂಬಳ ತರ್ತಾಳೆ. ನೀವು ಅದನ್ನೂ ಸೇರ್ಸಿ ಮನೆಗ್ ತಗೊಂಡ್ಬುಟ್ರಿ."

"ಅಂಗಡಿ ಬೇರೆ, ಮಗಳು ಬೇರೆ ಕಣಮ್ಮ."

"ಹೌದಣ್ಣ, ಬೇರೆ. ಅಂಗಡಿಗೆ ಸುಸ್ತಾಗಲ್ಲ."

ಚನ್ನಬಸವಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಒರೆಸಿಯೇ ಒರೆಸಿದರು. ಸರ್ವಮಂಗಳಾ ಮಗಳ ಪಾದ ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. ಬೆರಳ ಸಂದಿಯಲ್ಲಿ ಬೊಬ್ಬೆ ಒಡೆದು ಗಾಯವಾಗಿತ್ತು. "ಫ್ಯಾನ್ ಕೆಳ್ಗೆ ಕೂರ್ತೀಯ ಅಂದ್ಬುಟ್ಟೆ ನಾನು," ಅಂದರು. ಆಗ ಶಿಲ್ಪಶ್ರೀಗೆ ಅಳು ಬಂತು.

ಕಾಫಿ ಆಯಿತು. ಅಳು ಮುಗಿಯಿತು. ಲೆಕ್ಕ ಮಾತ್ರ ಮುಗಿಯಲಿಲ್ಲ, ಯಾಕೆಂದರೆ ಸಂಬಳ ಅಷ್ಟೇ ಇತ್ತಲ್ಲ.

"ಅವಳಿಗೆ ಅಷ್ಟು ತೆಗೆದಿಟ್ರೆ ಮನೆಗೆ ಕಮ್ಮಿ ಬೀಳುತ್ತಲ್ಲ ಪ್ರೇಮಕ್ಕ," ಅಂದರು ಸರ್ವಮಂಗಳಾ. ಕೊಡುವ ಮನಸ್ಸಿಲ್ಲದೆ ಅಂದದ್ದಲ್ಲ. ಹಾಲು, ಬಾಡಿಗೆ, ಗ್ಯಾಸು ತೂಗಿಸುವವರು ಅವರೇ.

"ಕಮ್ಮಿ ಬೀಳುತ್ತೆ. ಇಲ್ಲ ಅನ್ನಲ್ಲ. ಕೆಲ್ಸ ಹೋದ್ರೆ ಅದೂ ಇರಲ್ಲ. ಮೊದ್ಲು ಅವಳು ದುಡಿಯಕ್ಕೆ ಬೇಕಾದ್ದು ತೆಗೀರಿ. ಆಮೇಲೆ ಮನೆಗೆ ಇಷ್ಟು ಅಂತ ಒಂದು ಗೊತ್ತು ಮಾಡಿ, ಪ್ರತಿ ತಿಂಗಳೂ ಅಷ್ಟೇ. ಜೊತೆಗೆ ಪೋಸ್ಟಾಫೀಸಲ್ಲಿ ಅವಳ ಹೆಸರಿಗೆ ಒಂದು ಆರ್.ಡಿ. ಮಾಡ್ಸಿ. ಐವತ್ತು ರೂಪಾಯಿ ಸಾಕು."

"ಈ ಕಷ್ಟದಲ್ಲಿ ಉಳಿತಾಯ ಬೇರೆ!"

"ಕಷ್ಟದಲ್ಲೇ ಬೇಕಾಗೋದು ಮಂಗಳಾ. ನಾಳೆ ಅವಳಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ರೆ ಯಾರ ಮನೆ ಬಾಗ್ಲಿಗೆ ಹೋಗ್ತೀಯ? ಇದೆಲ್ಲ ಆಗಿ ಮಿಕ್ಕಿದ್ರಲ್ಲಿ ಸೀರೆನೋ, ಉಡುಗೊರೆನೋ. ಮಿಕ್ಕದಿದ್ರೆ ಮುಂದಿನ ತಿಂಗಳು. ಮಿಕ್ಸಿ ಒಂದು ತಿಂಗಳು ತಡವಾಗಿ ಬಂದಿದ್ರೆ ಯಾರೂ ಏನೂ ಅಂತಿರ್ಲಿಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ನಿಂಗೂ ಒಂದ್ ಮಾತು. ಬಿ.ಕಾಂ. ಓದಿ ಊರಿನವರ ಲೆಕ್ಕ ಬರೀತೀಯ. ನಿನ್ ಲೆಕ್ಕ ಮನೇಲಿ ಬಾಯ್ಬಿಟ್ಟು ಹೇಳಕ್ಕೆ ಏನು ನಾಚಿಕೆ? ನೀನು ಸುಮ್ನಿದ್ರೆ ಇವ್ರಿಗೆ ಹೆಂಗ್ ಗೊತ್ತಾಗ್ಬೇಕು?"

"ಅಪ್ಪಾಜಿ, ಅಮ್ಮ ಇಬ್ರೂ ತುಂಬ ಖುಷಿಯಾಗಿದ್ರು ಆಂಟಿ, ಕವರ್ ನೋಡಿ," ಅಂದಳು ಶಿಲ್ಪಶ್ರೀ.

ಪ್ರೇಮಲೀಲಾ ಮಂಡಿ ಹಿಡಿದು ಎದ್ದು ಮನೆಗೆ ಹೋದರು. ಅವರ ಬಿಸಿನೀರು ಆರಿಹೋಗಿತ್ತು.

ಮರುದಿನ ಚನ್ನಬಸವಯ್ಯ ಸಾಲ ಮಾಡಲಿಲ್ಲ. ಮಾಲಿನ ಡಬ್ಬಿಯನ್ನೂ ಮುಟ್ಟಲಿಲ್ಲ, ಆ ವಿಷಯದಲ್ಲಿ ಅವರು ಅವರೇ. ಹಬ್ಬಕ್ಕೆ ತಮಗೆಂದು ಎತ್ತಿಟ್ಟಿದ್ದ ಅಂಗಿ ಬಟ್ಟೆಯ ದುಡ್ಡಿನಲ್ಲಿ ಮಗಳಿಗೆ ಪಾಸ್ ಮಾಡಿಸಿದರು, ಚಪ್ಪಲಿ ಕೊಡಿಸಿದರು. ದಸರಾಗೆ ಹಳೇ ಅಂಗಿಯಲ್ಲೇ ಓಡಾಡಿದರು. ನೋಡಿದವರು ಯಾರೂ ಗುರುತಿಸಲಿಲ್ಲ ಬಿಡಿ.

ಎಲ್ಲ ಸರಿಹೋಯಿತು ಅಂತ ಹೇಳಿ ನಿಮ್ಮನ್ನು ಏಮಾರಿಸುವುದಿಲ್ಲ. ಆದ ಲೇಟ್ ಮಾರ್ಕು ಆಗಿಹೋಗಿತ್ತು. ಕಾರ್ಖಾನೆಯವರು ಶಿಲ್ಪಶ್ರೀಯನ್ನು ತಕ್ಷಣ ಕಾಯಂ ಮಾಡಲಿಲ್ಲ, ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿದರು. ಸೋದರತ್ತೆಯ ಮಗಳ ಮದುವೆಗೆ ಬೆಳ್ಳಿ ಲೋಟದ ಬದಲು ಸ್ಟೀಲ್ ಡಬ್ಬ ಹೋಯಿತು, ಅಲ್ಲಿ ಮುಖ ದಪ್ಪ ಮಾಡಿಕೊಂಡರು. ಕೆಲಸ ಮುಗಿಸಿ ಬಂದರೆ ಹುಡುಗಿಗೆ ಈಗಲೂ ಸುಸ್ತಾಗುತ್ತದೆ. ಆದರೆ ಅದು ಉಂಡು ಮಲಗಿದರೆ ಹೋಗುವ ಸುಸ್ತು. ಮೂರು ತಿಂಗಳಾದ ಮೇಲೆ ಕಾಯಂ ಆಯಿತು.

ಅದಕ್ಕೆ ಮುಂಚಿನ ಒಂದು ಸಂಬಳದ ದಿನದ ಮಾತು ಹೇಳಿ ಮುಗಿಸುತ್ತೇನೆ. ಶಿಲ್ಪಶ್ರೀ ಎಂದಿನಂತೆ ಕವರನ್ನು ಅಂಟು ಬಿಚ್ಚದೆ ತಂದು ದೇವರ ಗೂಡಿನ ಮುಂದೆ ಇಟ್ಟಳು. ಅಭ್ಯಾಸ ಎಲ್ಲಿ ಹೋಗುತ್ತದೆ? ಸರ್ವಮಂಗಳಾ ವಿಭೂತಿ ಹಚ್ಚಿದರು. ಆಮೇಲೆ ಕವರನ್ನು ಮಗಳ ಕೈಗೇ ಕೊಟ್ಟರು.

"ನೀನೇ ಬಿಚ್ಚು."

ಹುಡುಗಿ ಅಪ್ಪನ ಮುಖ ನೋಡಿದಳು. ಚನ್ನಬಸವಯ್ಯ ಕೈಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ಅವಳ ಮುಂದೆ ಇಟ್ಟರು. ಖಾಲಿ ಡಬ್ಬಿ. ತೊಳೆದು ಒರೆಸಿ ತಂದಿದ್ದರು, ಆದರೂ ಕರ್ಪೂರದ ವಾಸನೆ ಹೋಗಿರಲಿಲ್ಲ.

"ಮೊದ್ಲು ಇದಕ್ಕೆ ಹಾಕಮ್ಮ," ಅಂದರು. "ಇದ್ರಿಂದ ಒಂದ್ ಕಾಸು ನಾನ್ ಕೇಳಿದ್ರೂ ಕೊಡ್ಬೇಡ."

ಕೇಳುತ್ತಿರುವ ತಂದೆ ತಾಯಿಗಳೇ, ನಿಮ್ಮ ಮನೆಯಲ್ಲೂ ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಹೊರಟ ಮಗನೋ ಮಗಳೋ ಇರಬಹುದು. ಮಕ್ಕಳು ಮನೆಗೆ ಕೊಡಲಿ, ಕೊಡಬೇಕಾದ್ದೇ. ಆದರೆ ಸಂಬಳದ ದಿನ ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ದುಡಿಯಲು ಹೋಗುವ ಖರ್ಚನ್ನು ಮೊದಲು ತೆಗೆಯಿರಿ. ಮನೆಗೆ ಇಷ್ಟು ಅಂತ ಗೊತ್ತು ಮಾಡಿ. ದುಡಿದವರ ಹೆಸರಿಗೆ ಚೂರಾದರೂ ಉಳಿಸಿ. ಮಕ್ಕಳೇ, ನಿಮಗೂ ಹೇಳುತ್ತೇನೆ: ಮನೆಯವರ ಖುಷಿಗೆಂದು ಬಾಯಿ ಮುಚ್ಚಿಕೊಂಡು ನಡೆಯಬೇಡಿ, ನಡೆದದ್ದು ಅವರಿಗೆ ಗೊತ್ತಾದ ದಿನ ಆ ಖುಷಿಯೂ ಉಳಿಯುವುದಿಲ್ಲ.

ಇವತ್ತು ಸಂಜೆ ನಿಮ್ಮ ಹುಡುಗ, ನಿಮ್ಮ ಹುಡುಗಿ ಕೆಲಸದಿಂದ ಬರುತ್ತಾರೆ. ಕೈಯಲ್ಲಿ ಏನು ತಂದರು ಅಂತ ನೋಡುವ ಮೊದಲು, ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಒಂದು ಸಲ ನೋಡಿ.